ಕಾರಿನ ಹೊಟ್ಟೆಯ ಕೆಳಗೊಂದು ಗೇಣು

ನನಗೊಂದು ಕೆಟ್ಟ ಅಭ್ಯಾಸವಿದೆ. ಎಲ್ಲಿ ಹೊಸ ಕಾರು ಕಂಡರೂ ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹೆಬ್ಬೆರಳನ್ನು ನೆಲಕ್ಕೂರಿ, ಕಿರುಬೆರಳನ್ನು ಮೇಲಕ್ಕೆ ಚಾಚಿ, ಅದು ಕಾರಿನ ಹೊಟ್ಟೆಗೆ ತಾಗುತ್ತದೋ ಇಲ್ಲವೋ ನೋಡುತ್ತೇನೆ. ತಾಗದಿದ್ದರೆ ಕಾರು ಒಳ್ಳೆಯದು. ತಾಗಿ ಬೆರಳು ಮಡಚಿಕೊಂಡರೆ ಅದರ ಬಣ್ಣ ಎಷ್ಟೇ ಚೆನ್ನಾಗಿರಲಿ, ಒಳಗೆ ಎಷ್ಟೇ ಗುಂಡಿಗಳಿರಲಿ, ನನಗೆ ಬೇಡ.

ಎರಡು ಸಾವಿರದ ಏಳರಲ್ಲಿ ಡೆಟ್ರಾಯಿಟ್ ಹತ್ತಿರದ ಒಂದು ಕಾರಿನ ಅಂಗಡಿಯಲ್ಲಿ ಹೀಗೇ ಕೂತಿದ್ದಾಗ ಮಾರುವ ಹುಡುಗ ಗಾಬರಿಯಿಂದ ಓಡಿ ಬಂದು, ಏನಾದರೂ ಬಿದ್ದುಹೋಯಿತೇ ಎಂದು ಕೇಳಿದ. ನೆಲದಿಂದ ಎಷ್ಟು ಎತ್ತರವಿದೆ ನೋಡುತ್ತಿದ್ದೇನೆ ಎಂದೆ. ಅದೆಲ್ಲ ಪುಸ್ತಕದಲ್ಲಿ ಅಚ್ಚಾಗಿದೆ, ಇಂಚಿನ ಲೆಕ್ಕದಲ್ಲಿ, ಎಂದು ಅವನು ಪಾಪ ಪುಟ ತಿರುಗಿಸತೊಡಗಿದ. ಗೇಣಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಆಗ ಹೊಳೆಯಲಿಲ್ಲ. ಆರು ವರ್ಷದ ಮಗಳು ಮಾತ್ರ ನನ್ನ ಕೋಟು ಜಗ್ಗುತ್ತ, "ಡ್ಯಾಡ್, ಪ್ಲೀಸ್ ಗೆಟ್ ಅಪ್, ಎವ್ರಿಬಡಿ ಈಸ್ ಲುಕಿಂಗ್" ಎಂದು ಅಳುವ ದನಿ ಮಾಡಿದಳು. ನನ್ನ ಹೆಂಡತಿ ಗಿರಿಜಾ ದೂರದಲ್ಲಿ ನಿಂತು, ನಾವು ಯಾರೋ ತನಗೆ ಗೊತ್ತೇ ಇಲ್ಲ ಎನ್ನುವಂತೆ ಬೇರೊಂದು ಕಾರಿನ ಕನ್ನಡಿ ನೋಡುತ್ತಿದ್ದಳು. ಆದರೆ ಅವಳ ತುಟಿಯ ಮೂಲೆಯಲ್ಲಿದ್ದ ನಗು ನನಗೆ ಕಂಡಿತು. ಈ ಗೇಣಿನ ಕತೆ ಪೂರ್ತಿ ಗೊತ್ತಿರುವುದು ಈಗ ನಮ್ಮಿಬ್ಬರಿಗೇ.

ಅಂಗೈಯಲ್ಲಿ ಅಳೆಯುವುದು ನಮಗೇನು ಹೊಸದೇ ಹೇಳಿ. ಚಿಕ್ಕಂದಿನಲ್ಲಿ ಮೈಸೂರಿನ ಮಾರ್ಕೆಟ್ಟಿಗೆ ಅಮ್ಮನ ಜೊತೆ ಹೋದರೆ ಮಲ್ಲಿಗೆ ಹೂವಿನ ಮುಂದೆ ಅರ್ಧ ಗಂಟೆ ಕಳೆಯುತ್ತಿತ್ತು. ಹೂವಿನಾಕೆಯ ಕೈ ಗಿಡ್ಡ. ಅವಳು ಮೊಳ ಹಾಕುವಾಗ ಮೊಣಕೈಯನ್ನು ಒಳಕ್ಕೆಳೆದುಕೊಂಡು ಇನ್ನಷ್ಟು ಗಿಡ್ಡ ಮಾಡುತ್ತಿದ್ದಳು. "ನಿನ್ನ ಮೊಳ ಬೇಡ ಕಣೇ, ನಮ್ಮ ಹುಡುಗನ ಮೊಳಾನೇ ಅದಕ್ಕಿಂತ ಉದ್ದ ಇದೆ" ಎಂದು ಅಮ್ಮ ನನ್ನ ಕೈಯನ್ನು ಮುಂದೆ ಚಾಚಿಸುತ್ತಿದ್ದಳು. ಗೋಲಿ ಆಟದಲ್ಲೂ ಅಷ್ಟೆ. ಗೇಣು ಹಾಕಿ ಗುಳಿಗೆ ಹತ್ತಿರವಾಗುವಾಗ ಉದ್ದ ಬೆರಳಿನವರದೇ ರಾಜ್ಯ, ನನ್ನಂಥ ಗಿಡ್ಡ ಬೆರಳಿನವರಿಗೆ ಯಾವಾಗಲೂ ಸೋಲು. ಆ ಅವಮಾನ ಅಮೆರಿಕಕ್ಕೆ ಬಂದ ಮೇಲೂ ಮುಂದುವರಿಯುತ್ತದೆ ಎಂದು ಯಾರು ಕಂಡಿದ್ದರು?

ಅದನ್ನು ಮುಂದುವರಿಸಿದವರು ನಜೀರ್ ಅಂಕಲ್. ಶಿರಾ ಕಡೆಯವರು. ಅವರ ತಂದೆ ಲಾರಿ ಓಡಿಸುತ್ತಿದ್ದರಂತೆ. ಇವರು ಶಿಕಾಗೋ ಹತ್ತಿರದ ವೆಸ್ಟ್‌ಮಂಟ್‌ನಲ್ಲಿ ಸಣ್ಣದೊಂದು ಟೈರ್ ಅಂಗಡಿ ಇಟ್ಟುಕೊಂಡಿದ್ದರು. ನಾವಿದ್ದದ್ದು ಅಲ್ಲಿಂದ ಅರ್ಧ ಗಂಟೆ ದೂರದ ಶಾಮ್‌ಬರ್ಗ್‌ನ ಅಪಾರ್ಟ್‌ಮೆಂಟಿನಲ್ಲಿ. ನಮ್ಮ ಮನೆಯ ಹತ್ತಿರವೇ ಟೈರಿನ ಅಂಗಡಿಗಳು ನಾಲ್ಕಿದ್ದವು. ಆದರೂ ನಾನು ಅಲ್ಲಿಯವರೆಗೆ ಹೋಗುತ್ತಿದ್ದದ್ದು ಗಾಳಿ ತುಂಬಿಸಿಕೊಳ್ಳುವ ನೆಪದಲ್ಲಿ ಒಂದು ಗಂಟೆ ಕನ್ನಡ ಮಾತಾಡಲು. ಚಹಾ ಕೊಡುತ್ತಿದ್ದರು, ಜೊತೆಗೆ ಬೈಗುಳ ಪುಕ್ಕಟೆ.

ನನ್ನ ಮೊದಲ ಕಾರನ್ನು ಅವರಿಗೆ ತೋರಿಸಲು ಒಯ್ದ ದಿನ ನೆನಪಿದೆ. ಅದು ಕೆಂಪು ಬಣ್ಣದ್ದು, ಎರಡೇ ಬಾಗಿಲಿನದು. ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬನಿಂದ ಕೊಂಡಿದ್ದೆ. ಬಣ್ಣಕ್ಕೆ ಮರುಳಾಗಿ ಕೊಂಡೆ ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಮದುವೆಯಾಗಿ ಹೊಸದಾಗಿ ಬಂದಿದ್ದ ಗಿರಿಜಾ ಅದರೊಳಗೆ ಇಳಿದು, ಹೌದು ಇಳಿದೇ, ಕೂತು, "ಇದೇನ್ರೀ ಇದು, ಕಾರಲ್ಲಿ ಕೂತಂಗಿಲ್ಲ, ಚಾಪೆ ಮೇಲೆ ಕೂತಂಗಿದೆ" ಎಂದಿದ್ದಳು. ನಜೀರ್ ಅಂಕಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾರಿನ ಪಕ್ಕ ಕೂತು, ತಮ್ಮ ದೊಡ್ಡ ಕೈಯನ್ನು ಅದರ ಕೆಳಗೆ ತೂರಿಸಿ ಗೇಣು ನಿಲ್ಲಿಸಲು ನೋಡಿದರು. ನಿಲ್ಲಲಿಲ್ಲ. ಹೆಬ್ಬೆರಳಿಂದ ತೋರುಬೆರಳಿಗೆ ಚೋಟು ಹಾಕಿ ನೋಡಿದರು. ಅದೂ ನಿಲ್ಲಲಿಲ್ಲ.

"ಇದು ಗಾಡಿ ಅಲ್ಲ ಕಣಪ್ಪಾ, ಇಸ್ತ್ರಿಪೆಟ್ಟಿಗೆ. ರೋಡಿಗೆ ಇಸ್ತ್ರಿ ಹಾಕ್ಕೊಂಡು ಹೋಗ್ತೀಯಾ ನೀನು" ಎಂದರು. "ಗಾಡಿ ಹೊಟ್ಟೆ ಕೆಳಗೆ ಒಂದು ಗೇಣು ಇರ್ಬೇಕು ಅಂತಿದ್ರು ನಮ್ಮಪ್ಪ. ಕೆಸರಾಗ್ಲಿ ಸ್ನೋ ಆಗ್ಲಿ, ಚಕ್ರ ಸಿಕ್ಕಾಕ್ಕೊಂಡ್ರೆ ಬಿಡಿಸಬೋದು. ಹೊಟ್ಟೆ ಸಿಕ್ಕಾಕ್ಕೊಂತೋ, ಮುಗೀತು."

"ಯಾರ ಗೇಣು ಅಂಕಲ್? ನಿಮ್ದೋ ನಂದೋ?"

ಅವರು ನನ್ನ ಕೈಯನ್ನು ತಿರುಗಿಸಿ ನೋಡಿ, "ನಿಂದಾದ್ರೂ ಇರ್ಲಿ ಅಂದ್ರೆ ಅದೂ ಇಲ್ವಲ್ಲ" ಎಂದು ಕನಿಕರಪಟ್ಟರು.

ನಾನು ದೊಡ್ಡ ತಪ್ಪು ಮಾಡಿದ್ದು ಅದಾಗಿ ಮೂರನೆಯ ಚಳಿಗಾಲದಲ್ಲಿ. ಒಂದು ದಿನ ಅಂಕಲ್ ಯಾರೋ ಗಿರಾಕಿಗೆ, ಹಿಮದಲ್ಲಿ ಚಕ್ರ ಜಾರಬಾರದು ಅಂದರೆ ಹಿಂದೆ ಭಾರ ಹಾಕಬೇಕು, ಎರಡು ಮೂಟೆ ಮರಳು ಹಾಕಿಕೋ ಎನ್ನುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಆ ಗಿರಾಕಿಯದು ಹಿಂದಿನ ಚಕ್ರ ತಳ್ಳುವ ಪಿಕಪ್ ಲಾರಿ. ನನ್ನ ಕಾರನ್ನು ಎಳೆಯುವುದು ಮುಂದಿನ ಚಕ್ರವೋ ಹಿಂದಿನದೋ ನನಗೆ ಗೊತ್ತಿರಲಿಲ್ಲ. ಇಂಜಿನಿಯರ್ ಎಂದು ಹೇಳಿಕೊಂಡವನು ಅದನ್ನೆಲ್ಲ ಕೇಳುವುದು ಹೇಗೆ? ಕೇಳಲಿಲ್ಲ. ಸೀದಾ ದಿನಸಿ ಅಂಗಡಿಗೆ ಹೋಗಿ ಇಪ್ಪತ್ತು ಪೌಂಡಿನ ಎಂಟು ಗೋಣಿಚೀಲ ಸೋನಾಮಸೂರಿ ತಂದು ಡಿಕ್ಕಿಯಲ್ಲಿ ಪೇರಿಸಿದೆ. ಮರಳಾದರೆ ಚಳಿಗಾಲ ಮುಗಿದ ಮೇಲೆ ಎಸೆಯಬೇಕು, ಅಕ್ಕಿಯಾದರೆ ಉಣ್ಣಬಹುದು. ಈ ಬುದ್ಧಿ ಅಂಕಲ್‌ಗೂ ಹೊಳೆದಿರಲಿಲ್ಲವಲ್ಲ ಎಂದು ಬೀಗಿದೆ. ಗಿರಿಜಾ ತಿಂಗಳಿಗೊಂದು ಚೀಲವನ್ನು ಡಿಕ್ಕಿಯಿಂದ ಒಳಗೆ ತರುತ್ತಿದ್ದಳು. ನಾವು ಉಂಡಂತೆಲ್ಲ ಕಾರಿನ ಹಿಂಭಾಗ ಒಂದೊಂದು ನೂಲು ಮೇಲೇಳುತ್ತಿತ್ತು.

ಗಿರಿಜಾಳ ವಿಷಯ ಇಲ್ಲಿ ಹೇಳಲೇಬೇಕು. ಅವಳು ಮೈಸೂರಿನಲ್ಲಿ ಓದಿದ ಡಾಕ್ಟರು. ಇಲ್ಲಿ ಡಾಕ್ಟರಾಗಬೇಕಾದರೆ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು, ಯಾವುದಾದರೂ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ತರಬೇತಿಗೆ ಸೇರಬೇಕು. ಪರೀಕ್ಷೆಗಳನ್ನು ಅವಳು ಪಾಸು ಮಾಡಿದ್ದಳು. ಆದರೆ ಎರಡು ವರ್ಷ ಊರೂರಿನ ಆಸ್ಪತ್ರೆಗಳಿಗೆ ಅರ್ಜಿ ಹಾಕಿದರೂ ಯಾರೊಬ್ಬರೂ ಸಂದರ್ಶನಕ್ಕೆ ಕರೆದಿರಲಿಲ್ಲ. ಅವಳ ವೀಸಾದಲ್ಲಿ ಬೇರೆ ಕೆಲಸ ಮಾಡುವಂತಿರಲಿಲ್ಲ. ನಾನು ಆಫೀಸಿಗೆ ಹೋದ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ದಪ್ಪ ಪುಸ್ತಕಗಳ ಜೊತೆ ಒಬ್ಬಳೇ ಇರುತ್ತಿದ್ದಳು. ಮೂರನೆಯ ವರ್ಷದ ಅರ್ಜಿ ಅಂಚೆಗೆ ಹಾಕಿದ ದಿನ ಅಳದೆ, ಕೂಗಾಡದೆ, ತರಕಾರಿ ಹೆಚ್ಚುತ್ತಲೇ ಹೇಳಿದಳು:

"ಈ ಸಲ ಆಗ್ಲಿಲ್ಲ ಅಂದ್ರೆ ನಾನು ಮೈಸೂರಿಗೆ ಹೋಗ್ಬಿಡ್ತೀನಿ ರೀ. ಒಂದು ಕ್ಲಿನಿಕ್ ಇಟ್ಕೋತೀನಿ. ನೀವು ಬರೋದಾದ್ರೆ ಬನ್ನಿ."

ಅದು ಬೆದರಿಕೆಯಾಗಿರಲಿಲ್ಲ. ಅವಳಿಗೆ ನಿಜಕ್ಕೂ ಸಾಕಾಗಿತ್ತು.

ಆ ವರ್ಷ ಒಂದೇ ಒಂದು ಕರೆ ಬಂತು. ಡೆಟ್ರಾಯಿಟ್‌ನ ಒಂದು ಆಸ್ಪತ್ರೆ, ಜನವರಿಯ ಒಂದು ಸೋಮವಾರ, ಬೆಳಿಗ್ಗೆ ಏಳೂವರೆ. ಭಾನುವಾರವೇ ಹೊರಟು, ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿದ್ದ ನನ್ನ ಗೆಳೆಯ ಸೀತಾರಾಮುವಿನ ಮನೆಯಲ್ಲಿ ಉಳಿಯುವುದೆಂದು ಗೊತ್ತುಮಾಡಿದೆವು. ಸೀತಾರಾಮು ಕಾರಿನ ಬಿಡಿಭಾಗ ಮಾಡುವ ಕಂಪನಿಯ ಇಂಜಿನಿಯರು. ಡೆಟ್ರಾಯಿಟ್‌ನವನು, ಕಾರಿನ ಬಗ್ಗೆ ಅವನಿಗೆ ಗೊತ್ತಿರದ್ದಿಲ್ಲ ಎಂದು ನಾನು ನಂಬಿದ್ದೆ. ಆಮೇಲೆ ತಿಳಿಯಿತು, ಅವನಿಗೆ ಗೊತ್ತಿದ್ದದ್ದು ಸೀಟು ಹಿಂದಕ್ಕೆ ಒರಗುವ ಕೀಲಿನ ಬಗ್ಗೆ ಮಾತ್ರ. ಎಂಟು ವರ್ಷದಿಂದ ಅದೊಂದನ್ನೇ ಮಾಡುತ್ತಿದ್ದ.

ನಾವು ತಲುಪಿದಾಗ ಸಂಜೆ. ಎರಡು ದಿನದಿಂದ ಹಿಮ ಕರಗಿ ಎಲ್ಲ ಕಡೆ ರಾಡಿ. ಅವನದು ಹೊಸ ಸಬ್‌ಡಿವಿಷನ್ನು, ಅಂದರೆ ನಮ್ಮ ಕಡೆಯ ಬಡಾವಣೆ. ಮನೆಗಳು ಎದ್ದಿದ್ದವು, ಹುಲ್ಲು ಇನ್ನೂ ಬಂದಿರಲಿಲ್ಲ, ಮರಗಳು ಕೋಲಿನಷ್ಟೇ ಇದ್ದವು. ಗ್ಯಾರೇಜಿನಿಂದ ರಸ್ತೆಯವರೆಗಿನ ಡ್ರೈವ್‌ವೇಗೆ ಕಾಂಕ್ರೀಟು ಹಾಕುವುದು ವಸಂತ ಬಂದ ಮೇಲೆ ಎಂದು ಕಟ್ಟಿದವರು ಹೇಳಿದ್ದರಂತೆ. ಅಲ್ಲಿಯವರೆಗೆ ಜೇಡಿಮಣ್ಣಿನ ಮೇಲೆ ಒಂದಿಷ್ಟು ಜಲ್ಲಿ. ಕೆಸರಿನ ಆ ಓಣಿಯಲ್ಲಿ ನನ್ನ ಕಾರು ಹೊಟ್ಟೆ ಉಜ್ಜಿಕೊಳ್ಳುತ್ತ ಹೋಗಿ, ಸೀತಾರಾಮುವಿನ ಗ್ಯಾರೇಜಿನ ಬಾಗಿಲಿಗೆ ಅಡ್ಡವಾಗಿ ನಿಂತಿತು.

"ಏನೋ ಇದು, ಹಿಂದ್ಗಡೆ ಕೂತ್ಬಿಟ್ಟಿದೆ? ಡಿಕ್ಕೀಲಿ ಏನಿದೆ?" ಎಂದ ಅವನು.

"ಅಕ್ಕಿ. ಆರು ಚೀಲ."

"ನಮ್ಮನೇಲಿ ಊಟ ಹಾಕಲ್ಲ ಅಂದ್ಕೊಂಡ್ಯಾ?"

ನನ್ನ ಬುದ್ಧಿವಂತಿಕೆಯನ್ನು ವಿವರಿಸಿದೆ. ಅವನು ತಲೆದೂಗಿ, ಒಳ್ಳೇ ಐಡಿಯಾ ಎಂದ. ಸೀಟಿನ ಇಂಜಿನಿಯರು ಬೇರೇನು ಹೇಳಿಯಾನು!

ರಾತ್ರಿಯಿಡೀ ಹಿಮ ಬಿದ್ದಿತ್ತು. ಬೆಳಿಗ್ಗೆ ಆರಕ್ಕೆ ಗಿರಿಜಾ ಕಪ್ಪು ಕೋಟು, ಕಪ್ಪು ಪ್ಯಾಂಟು ಹಾಕಿಕೊಂಡು, ಹಣೆಗೆ ಸಾಸಿವೆ ಕಾಳಿನಷ್ಟು ಬೊಟ್ಟಿಟ್ಟುಕೊಂಡು ತಯಾರಾಗಿದ್ದಳು. ಅವಳನ್ನು ಆ ವೇಷದಲ್ಲಿ ನೋಡಿ ನನಗೆ ಹೆಮ್ಮೆಯಾಯಿತು. ಹೊರಗೆ ಹಿಮ ತಳ್ಳುವ ಲಾರಿ ಆಗಲೇ ಬಂದು ಹೋಗಿತ್ತು. ರಸ್ತೆಯ ಹಿಮವನ್ನೆಲ್ಲ ಎಲ್ಲರ ಡ್ರೈವ್‌ವೇ ಬಾಯಿಗೆ ಬದುವಿನ ಹಾಗೆ ಒತ್ತರಿಸಿಟ್ಟಿತ್ತು. ಸೀತಾರಾಮು ಸಲಿಕೆ ತರುತ್ತೇನೆ ಎಂದ. ನಾನು ಕೇಳಬೇಕಲ್ಲ! ಡಿಕ್ಕಿಯಲ್ಲಿ ಆರು ಚೀಲ ಭಾರವಿರುವಾಗ ಯಾವ ಹಿಮಕ್ಕೆ ಹೆದರಬೇಕು ಎಂದು ರಿವರ್ಸ್ ಹಾಕಿ ಜೋರಾಗಿ ಹಿಂದಕ್ಕೆ ಬಿಟ್ಟೆ.

ಹಿಂದಿನ ಚಕ್ರಗಳು ಬದುವನ್ನು ದಾಟಿದವು. ಆಮೇಲೆ ಕೆಳಗಿನಿಂದ ಹಪ್ಪಳ ಮುರಿದಂಥ ಸದ್ದು ಬಂದು ಕಾರು ನಿಂತುಬಿಟ್ಟಿತು. ಬದು ಮೇಲೆ ಮೆತ್ತಗಿದ್ದರೂ ಒಳಗೆ ಹಳೆಯ ರಾಡಿ ಹೆಪ್ಪುಗಟ್ಟಿ ಕಲ್ಲಾಗಿತ್ತು. ಕಾರಿನ ಹೊಟ್ಟೆ ಅದರ ಮೇಲೆ ಹಾಯಾಗಿ ಕೂತಿತ್ತು. ಅಕ್ಕಿಯ ಭಾರಕ್ಕೆ ಹಿಂಭಾಗ ರಸ್ತೆಗೆ ಒರಗಿ, ಎಳೆಯಬೇಕಾದ ಮುಂದಿನ ಚಕ್ರಗಳು ನೆಲಕ್ಕೆ ಮುಟ್ಟಿಯೂ ಮುಟ್ಟದಂತೆ ತಿರುಗುತ್ತ, ಹಿಮ ಕಿತ್ತು, ಜಲ್ಲಿ ಕಿತ್ತು, ಕೊನೆಗೆ ಜೇಡಿಮಣ್ಣನ್ನು ಸೀತಾರಾಮುವಿನ ಮುಖಕ್ಕೆ ಎರಚಿದವು. ನನ್ನ ಕಾರಿಗೆ ಮುಂದಿನ ಚಕ್ರವೇ ಗತಿ ಎಂದು ನಾನು ತಿಳಿದುಕೊಂಡದ್ದು ಆ ಕ್ಷಣದಲ್ಲಿ.

ಸೀತಾರಾಮುವಿನ ಕಾರು ಗ್ಯಾರೇಜಿನಲ್ಲಿತ್ತು. ಹೊರಗೆ ಬರಬೇಕಾದರೆ ನನ್ನದನ್ನು ದಾಟಿ ಬರಬೇಕು. ಎರಡೂ ಬದಿಗೆ ಮೊಣಕಾಲುದ್ದ ಹಿಮದಡಿ ಕೆಸರು. ಆ ಹೊತ್ತಿಗೆ ಅಲ್ಲಿಗೆ ಟ್ಯಾಕ್ಸಿ ಬರುವುದೆಂದರೆ ಒಂದು ಗಂಟೆ. ನಾವಿಬ್ಬರು ಗಂಡಸರು ಸಲಿಕೆಯಲ್ಲಿ ಹೊಟ್ಟೆಯ ಕೆಳಗಿನದನ್ನು ಕೆರೆದೆವು, ಅಕ್ಕಿ ಚೀಲಗಳನ್ನೆಲ್ಲ ಇಳಿಸಿದೆವು. ಕಾರು ಒಂಚೂರು ಎದ್ದಿತು. ಚಕ್ರ ನೆಲ ಹಿಡಿಯಿತು, ಆದರೆ ಕೆಸರಿನಲ್ಲಿ ಜಾರಿತು. ಗಂಟೆ ಆರೂ ಇಪ್ಪತ್ತು.

"ಚಕ್ರದ ಕೆಳಗೆ ಏನಾದ್ರೂ ಹಾಕ್ಬೇಕು. ಮರಳು ಇದ್ದಿದ್ರೆ..." ಎಂದು ಸೀತಾರಾಮು ಮುಖ ಒರೆಸಿಕೊಂಡ.

ಮರಳಿಲ್ಲ. ಅವನು ಹಿಮ ಕರಗಿಸುವ ಉಪ್ಪನ್ನೂ ತಂದಿರಲಿಲ್ಲ. ಮೂವರ ಕಣ್ಣೂ ಒಟ್ಟಿಗೆ ಅಕ್ಕಿ ಚೀಲದ ಮೇಲೆ ಬಿತ್ತು.

ನೀವು ನಗಬಹುದು. ಎರಡು ಚೀಲ ಅಕ್ಕಿ, ಅದಕ್ಕೇನು ಯೋಚನೆ? ಆದರೆ ನಾನು ಬೆಳೆದದ್ದು ನಮ್ಮಜ್ಜಿಯ ಕೈಯಲ್ಲಿ. ಮೊರದಿಂದ ಒಂದು ಕಾಳು ಅಕ್ಕಿ ಹಾರಿ ಬಿದ್ದರೂ ಅವಳು ಸೊಂಟ ಬಗ್ಗಿಸಿ ಆರಿಸುತ್ತಿದ್ದಳು. ನಮ್ಮ ಕಾಲು ತಾಗಿತೆಂದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಇಲ್ಲದಿದ್ದರೆ ಊಟವಿಲ್ಲ. ಅಂಥವನು ನಲವತ್ತು ಪೌಂಡು ಅಕ್ಕಿಯನ್ನು ಕೆಸರಿಗೆ ಸುರಿದು ಅದರ ಮೇಲೆ ಟೈರು ಹತ್ತಿಸುವುದೇ? ಸೀತಾರಾಮು ಆಕಾಶ ನೋಡುತ್ತ, "ಕಾರ್ಪೆಟ್ ತುಂಡು ಇದೆಯೇನೋ ನೋಡ್ತೀನಿ" ಎಂದ. ನಾನು ಕೈಕಟ್ಟಿ ನಿಂತೆ. ನಾಚಿಕೆಯ ಮಾತು, ಹೆಂಡತಿಯ ಮೂರು ವರ್ಷ ಎದುರಿಗೆ ನಿಂತಿದ್ದರೂ ನನಗೆ ಕೈ ಬರಲಿಲ್ಲ.

ಗಿರಿಜಾ ಮುಂದೆ ಬಂದಳು. ಚೀಲದ ಬಾಯಿಯ ಹೊಲಿಗೆದಾರ ಹಿಡಿದು ಸರ್ರನೆ ಎಳೆದಳು. ಇನ್ನೊಂದರದೂ ಎಳೆದಳು. ಎರಡನ್ನೂ ಮುಂದಿನ ಚಕ್ರಗಳ ಹಿಂದೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಮದುವೆ ದಿನ ನಿಮ್ಮನೆ ಹೊಸ್ತಿಲಲ್ಲಿ ಒಂದು ಸೇರು ಅಕ್ಕಿ ಇಟ್ಟು ಒದೆಯಮ್ಮಾ ಅಂದ್ರಲ್ಲ, ಆಗ ಪಾಪ ಬರ್ಲಿಲ್ವಾ? ಒಳಗೆ ಬರೋಕೆ ಒದೀಬೋದು, ಹೊರಗೆ ಹೋಗೋಕೆ ಒದೀಬಾರ್ದಾ?"

ಇಷ್ಟೂ ಹೊತ್ತು ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ಸೀತಾರಾಮುವಿನ ಹೆಂಡತಿ ಪದ್ಮಾ ಅಲ್ಲಿಂದಲೇ ಕೂಗಿದಳು: "ಗಿರಿಜಾ, ಬಲಗಾಲು! ಬಲಗಾಲಲ್ಲಿ ಒದಿ!"

ಗಿರಿಜಾ ಎಡಗಾಲು ಎತ್ತಿದ್ದವಳು ಇಳಿಸಿ, ಬಲಗಾಲಿಂದ ಒಂದನ್ನು ಒದ್ದಳು. ಆಮೇಲೆ ಇನ್ನೊಂದನ್ನು. ಬಿಳಿ ಹಿಮದ ನಡುವಿನ ಕಪ್ಪು ಕೆಸರಿನ ಮೇಲೆ ಅಕ್ಕಿ ಸುರುಸುರು ಹರಡಿತು. ಖಾಲಿ ಗೋಣಿಚೀಲಗಳನ್ನು ಅವಳೇ ಚಕ್ರದಡಿಗೆ ತುರುಕಿದಳು. ಬಗ್ಗಿ ಅಕ್ಕಿಯನ್ನೊಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು, "ಇಬ್ರೂ ತಳ್ಳಿ" ಎಂದು ಹೇಳಿ ಸ್ಟೇರಿಂಗ್ ಮುಂದೆ ಕೂತಳು. ಅವಳು ಡ್ರೈವಿಂಗ್ ಕಲಿತದ್ದು ಹಿಂದಿನ ಬೇಸಿಗೆಯಲ್ಲಿ. ನಾನೇ ಕಲಿಸಿದ್ದೆ, ಬೈದು ಬೈದು.

ಚಕ್ರ ಅಕ್ಕಿಯನ್ನು ನುರಿಸಿತು, ಗೋಣಿಯನ್ನು ಕಚ್ಚಿತು. ಕಾರು ಒಮ್ಮೆ ಹೂಂಕರಿಸಿ ಬದು ದಾಟಿ ರಸ್ತೆಗೆ ಬಿತ್ತು. ನಿಲ್ಲಿಸಿದರೆ ಮತ್ತೆ ಸಿಕ್ಕಿಕೊಂಡೀತೆಂದು ಅವಳು ನಿಲ್ಲಿಸಲೇ ಇಲ್ಲ. ನಾನು ಅವಳ ಸರ್ಟಿಫಿಕೇಟುಗಳ ಫೈಲು ಎದೆಗವುಚಿಕೊಂಡು, ಒಂದು ಬೂಟು ಹಿಮದಲ್ಲಿ ಬಿಟ್ಟು, ಬೀದಿಯ ಕೊನೆಯವರೆಗೆ ಓಡಿ ಕಾರು ಹಿಡಿದೆ. "ನೀವು ಡ್ರೈವ್ ಮಾಡೋದು ಬೇಡ" ಎಂದಳು ಅಷ್ಟೆ. ಮಾಡಲಿಲ್ಲ. ಏಳೂ ಇಪ್ಪತ್ತೈದಕ್ಕೆ ಅವಳು ಆಸ್ಪತ್ರೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಪ್ಯಾಂಟಿನ ತುದಿಯಲ್ಲಿ ಕೆಸರು, ಅದರಲ್ಲಿ ನಾಲ್ಕು ಕಾಳು ಸೋನಾಮಸೂರಿ.

ಒಳಗೆ ಏನು ಕೇಳಿದರು ಎಂದು ಆಮೇಲೆ ಕೇಳಿದೆ. "ತುರ್ತಿನಲ್ಲಿ ತಗೊಂಡ ಒಂದು ಕಷ್ಟದ ನಿರ್ಧಾರ ಹೇಳಿ ಅಂದ್ರು. ಅಕ್ಕಿ ತುಳಿದೆ ಅಂದೆ. ಅದರಲ್ಲಿ ಕಷ್ಟ ಏನು ಅಂದ್ರು. ಅದನ್ನ ಹೇಳೋಕೆ ಹತ್ತು ನಿಮಿಷ ಹಿಡೀತು ನೋಡಿ" ಎಂದಳು.

ನಾವು ಕ್ಯಾಂಟನ್‌ಗೆ ಹಿಂತಿರುಗಿದಾಗ ಊರಿನ ಗುಬ್ಬಿಗಳೆಲ್ಲ ಸೀತಾರಾಮುವಿನ ಮನೆಯ ಮುಂದೆ ನೆರೆದಿದ್ದವು. ನನ್ನ ಮನಸ್ಸು ಹಗುರವಾಯಿತು. ಮಾರ್ಚಿನಲ್ಲಿ ಗಿರಿಜಾಗೆ ಅದೇ ಆಸ್ಪತ್ರೆಯಲ್ಲಿ ಸ್ಥಾನ ಸಿಕ್ಕಿತು. ಕಾಗದ ಓದಿ ಅವಳು ಅತ್ತಳು, ಮೂರು ವರ್ಷ ಅಳದೆ ಇಟ್ಟುಕೊಂಡಿದ್ದದ್ದನ್ನೆಲ್ಲ ಅತ್ತಳು. ನಾನೂ ಅತ್ತೆ. ಕೆಂಪು ಕಾರು ಮಾರಿ ಡೆಟ್ರಾಯಿಟ್ ಕಡೆಗೆ ಮನೆ ಬದಲಿಸಿದೆವು. ಮೇ ತಿಂಗಳಲ್ಲಿ ಸೀತಾರಾಮು ಫೋನ್ ಮಾಡಿ, "ಇವತ್ತು ಕಾಂಕ್ರೀಟ್ ಹಾಕಿದ್ರು ಕಣೋ. ಗುಬ್ಬಿ ಬಿಟ್ಟ ಅಕ್ಕಿ ಎಲ್ಲಾ ನಮ್ಮ ಡ್ರೈವ್‌ವೇ ಅಡಿಗೆ ಹೋಯ್ತು" ಎಂದ.

ಶಾಮ್‌ಬರ್ಗ್ ಬಿಡುವ ಮುನ್ನ ನಜೀರ್ ಅಂಕಲ್‌ಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ನಕ್ಕು ನಕ್ಕು ಟೈರಿನ ಮೇಲೆ ಕೂತರು. "ಮುಂದಿನ ಚಕ್ರದ ಗಾಡಿಗೆ ಹಿಂದೆ ಭಾರ! ಕತ್ತೆ ಬಾಲಕ್ಕೆ ಲಗಾಮು ಕಟ್ಟಿದಂಗಾಯ್ತು. ಒಂದು ಮಾತು ಕೇಳೋಕೇನಾಗಿತ್ತು?" ಎಂದರು. ಆಮೇಲೆ ನನ್ನ ಬಲಗೈ ತೆಗೆದುಕೊಂಡು, ಬೆರಳುಗಳನ್ನು ನೋವಾಗುವಷ್ಟು ಅಗಲಿಸಿ, "ಇಷ್ಟು. ಇನ್ಮೇಲೆ ಇಷ್ಟಿಲ್ದಿದ್ರೆ ತಗೋಬೇಡ" ಎಂದರು. ನಾಲ್ಕು ವರ್ಷದ ನಂತರ ಅವರು ತೀರಿಕೊಂಡ ಸುದ್ದಿ ಬಂತು. ಅಂಗಡಿ ಇದ್ದ ಜಾಗದಲ್ಲಿ ಈಗ ಏನಿದೆಯೋ, ಹೋಗಿ ನೋಡಲು ನನಗೆ ಮನಸ್ಸಿಲ್ಲ. ಕಾರಿನ ಪಕ್ಕ ಕೂತು ಗೇಣು ಹಾಕುವಾಗಲೆಲ್ಲ ಬೆರಳ ಸಂದಿನಲ್ಲಿ ಆ ನೋವು ಒಂಚೂರು ಮರಳುತ್ತದೆ. ಅದಕ್ಕೇ ಈ ಅಭ್ಯಾಸ ಬಿಟ್ಟಿಲ್ಲ.

ಎರಡು ಸಾವಿರದ ಏಳರಲ್ಲಿ ಮಗಳನ್ನು ಅಳಿಸಿ ಖರೀದಿಸಿದ ಆ ಎತ್ತರದ ಕಾರು ಮನೆಗೆ ಬಂದು ಎರಡು ತಿಂಗಳಾಗಿತ್ತು. ನಮ್ಮ ಬೀದಿಯಲ್ಲೇ ಗದಗಿನ ಹುಡುಗಿ ಶೈಲಾ ಇದ್ದಳು, ಅವಳೂ ಡಾಕ್ಟರು. ಶಿಕಾಗೋದಲ್ಲಿ ಸಂದರ್ಶನಕ್ಕೆ ಕರೆ ಬಂದಿತ್ತು, ಆ ವರ್ಷದ ಒಂದೇ ಕರೆ. ಗಂಡನಿಗೆ ರಜೆ ಸಿಗಲಿಲ್ಲ, ಅವರ ಕಾರು ತಗ್ಗಿನದು, ಮೇಲೆ ಹಿಮದ ಮುನ್ಸೂಚನೆ. ಗಿರಿಜಾ ನನ್ನನ್ನು ಕೇಳದೆಯೇ ನಮ್ಮ ಕಾರಿನ ಕೀಲಿ ಕೊಟ್ಟಳು. ಹೊರಡುವ ಹೊತ್ತಿಗೆ ಒಳಗಿನಿಂದ ಇಪ್ಪತ್ತು ಪೌಂಡಿನ ಅಕ್ಕಿ ಚೀಲವೊಂದನ್ನು ಹೊತ್ತು ತಂದು ಡಿಕ್ಕಿಯಲ್ಲಿಟ್ಟಳು.

"ಅಕ್ಕಾರ, ಇದು ನಾಕೂ ಗಾಲಿ ಎಳೆಯೋ ಗಾಡಿ ಐತ್ರಿ. ತೂಕ ಯಾಕ ಬೇಕ್ರಿ ಇದಕ್ಕ?" ಎಂದಳು ಶೈಲಾ.

ನಾನು ಅಷ್ಟರಲ್ಲಿ ಕಾರಿನ ಪಕ್ಕ ಕೂತಾಗಿತ್ತು. ಕೆಳಗೆ ಗೇಣು ನಿಂತಿತು, ಅಕ್ಕಿ ಹೇರಿದ ಮೇಲೂ ನಿಂತಿತು.

"ತೂಕಕ್ಕಲ್ಲಮ್ಮಾ" ಎಂದಳು ಗಿರಿಜಾ. ಚೀಲದ ಹೊಲಿಗೆದಾರದ ತುದಿ ಹುಡುಕಿ, ಕೈಗೆ ಸುಲಭವಾಗಿ ಸಿಗುವಂತೆ ಹೊರಗೆಳೆದಿಟ್ಟಳು. "ಎಲ್ಲಾದ್ರೂ ಸಿಕ್ಕಾಕೊಂಡ್ರೆ ಯೋಚನೆ ಮಾಡ್ತಾ ನಿಲ್ಬೇಡ. ಬಲಗಾಲಲ್ಲಿ ಒದ್ದು ಹೋಗು."